ಬಾಟಲಿ ಮೇಲೆ ದೊರೆಯ ಹೆಸರು, ಕೈಬರಹ ಗಡಿಯಾರದವನ ಮಗನದ್ದು

ಚಿಲಿ ದೇಶದ ದುಬಾರಿ ಕೆಂಪು ವೈನ್‌ಗಳಲ್ಲಿ ಅಲ್ಮಾವೀವಾ ಕೂಡ ಒಂದು. ಬಾಟಲಿಯೊಂದಕ್ಕೆ ನೂರು ಡಾಲರ್‌ಗೂ ಮೀರಿದ ಬೆಲೆ. ಸಾಮಾನ್ಯರು ತಿಂಗಳ ರೇಷನ್ ತರೋ ದುಡ್ಡಲ್ಲಿ ಇದರ ಅರ್ಧ ಬಾಟಲಿಯೂ ಬರಲ್ಲ. ಆದರೆ ಈ ಬಾಟಲಿಯ ಲೇಬಲ್ಲನ್ನು ಓದೋಕೆ ದುಡ್ಡು ಬೇಕಿಲ್ಲ. ಅದರಲ್ಲಿ ಒಂದು ದೊಡ್ಡ ಕಥೆ ಇದೆ.

ಅಲ್ಮಾವೀವಾ ಅನ್ನೋದು ಊರಿನ ಹೆಸರಲ್ಲ, ದ್ರಾಕ್ಷಿ ತಳಿಯ ಹೆಸರೂ ಅಲ್ಲ. ಅದು ನಾಟಕದ ಪಾತ್ರವೊಂದರ ಹೆಸರು. ಹಣ, ಅಧಿಕಾರ, ಆಳುಕಾಳು ಎಲ್ಲ ಇದ್ದೂ ತನ್ನದೇ ಮನೆಯ ಕೆಲಸದವನ ಮುಂದೆ ಸೋತು ನಗೆಪಾಟಲಾಗುವ ಕೌಂಟ್ ಒಬ್ಬನ ಹೆಸರು. ಲೇಬಲ್ ಮೇಲೆ ಆ ಹೆಸರು ಅಚ್ಚಾಗಿರುವುದು ನಾಟಕ ಬರೆದವನ ಸ್ವಂತ ಕೈಬರಹದಲ್ಲಿ. ಬರೆದವನು ಪಿಯರ್-ಓಗುಸ್ತಾಂ ಕಾರೊಂ ದ ಬೋಮಾರ್ಶೆ. ಗಡಿಯಾರ ರಿಪೇರಿ ಮಾಡುವವನ ಮಗ. ತೀರಿಕೊಂಡು ಇನ್ನೂರಿಪ್ಪತ್ತು ವರ್ಷಗಳ ಮೇಲಾಯಿತು.

ಲೋಟಕ್ಕೆ ಬರೋ ಮುಂಚೆ ಈ ಮನುಷ್ಯನ ಕಥೆ ನೋಡೋಣ. ಯಾಕಂದ್ರೆ ಒಂದು ವೈನನ್ನು ಸವಿಯುವುದು ಅಂದ್ರೆ ನಾಲಗೆಯ ಕೆಲಸ ಮಾತ್ರ ಅಲ್ಲ. ಅದರ ಹೆಸರು ಎಲ್ಲಿಂದ ಬಂತು, ಯಾರ ಕೆಲಸಕ್ಕೆ ಯಾರ ಹೆಸರು ಅಂಟಿಕೊಂಡಿತು ಅನ್ನೋದೂ ಅದರ ರುಚಿಗೆ ಸೇರಿದ್ದೇ.

ಗಡಿಯಾರದ ಅಂಗಡಿ

1732ರ ಜನವರಿ 24ರಂದು ಪ್ಯಾರಿಸ್ಸಿನ ಸೇಂಟ್ ಡೆನಿ ಬೀದಿಯಲ್ಲಿ ಹುಟ್ಟಿದ ಹುಡುಗ. ಅಪ್ಪ ಆಂದ್ರೆ-ಶಾರ್ಲ್ ಕಾರೊಂ ಗಡಿಯಾರ ಮಾಡುವವನು. ಮನೆ ತುಂಬ ಅಕ್ಕತಂಗಿಯರು, ಉಳಿದ ಗಂಡುಮಗ ಇವನೊಬ್ಬನೇ. ಸ್ವಲ್ಪ ಓದಿಸಿ, ಹದಿಮೂರರ ಆಸುಪಾಸಿನಲ್ಲೇ ಅಪ್ಪ ಇವನನ್ನು ಅಂಗಡಿಯಲ್ಲಿ ಕೂರಿಸಿದ. ಹುಡುಗನಿಗೆ ಸಂಗೀತದ ಹುಚ್ಚು, ಓಡಾಟದ ಹುಚ್ಚು. ಒಮ್ಮೆ ಅಪ್ಪ ಮನೆಯಿಂದಲೇ ಹೊರಗೆ ಹಾಕಿ, ಆಮೇಲೆ ಷರತ್ತು ಹಾಕಿ ಒಳಗೆ ಸೇರಿಸಿಕೊಂಡನಂತೆ.

ಕೈಯಲ್ಲಿ ಮಾತ್ರ ಕಸುಬು ಇತ್ತು. ಆ ಕಾಲದ ಜೇಬುಗಡಿಯಾರಗಳು ದಿನಕ್ಕೆ ಎಷ್ಟೋ ನಿಮಿಷ ಹಿಂದೆ ಮುಂದೆ ಹೋಗುತ್ತಿದ್ದವು. ಸ್ಪ್ರಿಂಗಿನ ಬಲವನ್ನು ಹಿಡಿದು ಹಿಡಿದು ಬಿಡುವ ಚಿಕ್ಕ ಭಾಗ ಒಂದಿರುತ್ತೆ, ಗಡಿಯಾರ ಟಿಕ್ ಟಿಕ್ ಅನ್ನೋದು ಅದರಿಂದಲೇ. 21ನೇ ವಯಸ್ಸಿನಲ್ಲಿ ಕಾರೊಂ ಆ ಭಾಗಕ್ಕೆ ಹೊಸದೊಂದು ರಚನೆ ಕಂಡುಹಿಡಿದ. ಖುಷಿಯಲ್ಲಿ ಅದನ್ನು ರಾಜಮನೆತನಕ್ಕೆ ಗಡಿಯಾರ ಮಾಡುತ್ತಿದ್ದ ಲೆಪೋತ್ ಎಂಬ ಹಿರಿಯನಿಗೆ ತೋರಿಸಿದ. ಅಲ್ಲೇ ಎಡವಟ್ಟಾಯಿತು. 1753ರಲ್ಲಿ ಲೆಪೋತ್ ಆ ಶೋಧ ತನ್ನದೇ ಅಂತ ಪತ್ರಿಕೆಯಲ್ಲಿ ಘೋಷಿಸಿಕೊಂಡ.

ಬೇರೆ ಹುಡುಗನಾಗಿದ್ದರೆ ಹಿರಿಯರ ಜೊತೆ ಯಾಕೆ ಜಗಳ ಅಂತ ಸುಮ್ಮನಾಗುತ್ತಿದ್ದನೇನೋ. ಇವನು ಬಿಡಲಿಲ್ಲ. ಪತ್ರಿಕೆಗೆ ಬರೆದ, ತಾನು ಮಾಡಿದ ಮಾದರಿಗಳನ್ನು ಹೊತ್ತುಕೊಂಡು ವಿಜ್ಞಾನ ಅಕಾಡೆಮಿಯ ಮುಂದೆ ನಿಂತ. 1754ರ ಫೆಬ್ರವರಿಯಲ್ಲಿ ಅಕಾಡೆಮಿ ಹುಡುಗನ ಪರವಾಗಿ ತೀರ್ಪು ಕೊಟ್ಟಿತು. ಅವನ ಬದುಕಿನ ಮುಂದಿನ ಎಲ್ಲ ಜಗಳಗಳ ಬೀಜ ಇಲ್ಲೇ ಇದೆ. ಕೆಲಸ ಮಾಡಿದವನ ಹೆಸರು ಒಂದು, ಅದರ ಮೇಲೆ ಕೂರುವ ಹೆಸರು ಇನ್ನೊಂದು. ಇದನ್ನು ಅವನು ಕೊನೆವರೆಗೂ ಸಹಿಸಲಿಲ್ಲ.

ಅರಮನೆಯೊಳಗೆ ಹೊರಗಿನವ

ಈ ಗೆಲುವಿನಿಂದ ವರ್ಸೈ ಅರಮನೆಯ ಬಾಗಿಲು ತೆರೆಯಿತು. ಹದಿನೈದನೇ ಲೂಯಿಯ ಪ್ರಿಯತಮೆ ಪೊಂಪದೂರ್‌ಗೆ ಉಂಗುರದೊಳಗೆ ಕೂರುವಷ್ಟು ಚಿಕ್ಕ ಗಡಿಯಾರ ಮಾಡಿಕೊಟ್ಟ. ಆಮೇಲೆ ಹಾರ್ಪ್ ನುಡಿಸುವುದರಲ್ಲಿ ಪಳಗಿದ್ದರಿಂದ ರಾಜನ ಹೆಣ್ಣುಮಕ್ಕಳಿಗೆ ಸಂಗೀತದ ಮೇಷ್ಟ್ರಾದ. 1756ರಲ್ಲಿ ವಿಧವೆಯೊಬ್ಬಳನ್ನು ಮದುವೆಯಾದ. ಅವಳಿಗೆ ಸೇರಿದ್ದ ಸಣ್ಣದೊಂದು ಜಮೀನಿನ ಹೆಸರನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಂಡು ಬೋಮಾರ್ಶೆ ಆದ. ವರ್ಷ ತುಂಬುವುದರೊಳಗೆ ಹೆಂಡತಿ ತೀರಿಕೊಂಡಳು. ಜಮೀನು ಕೈಬಿಟ್ಟು ಹೋಯಿತು, ಹೆಸರು ಮಾತ್ರ ಉಳಿಯಿತು.

ಅರಮನೆಯವರು ಇವನ ಸಂಗೀತ ಕೇಳಿದರು, ಆದರೆ ತಮ್ಮವನು ಅಂತ ಒಪ್ಪಲಿಲ್ಲ. ಒಬ್ಬ ಆಸ್ಥಾನಿಕ ನಾಲ್ಕು ಜನರ ಮುಂದೆ ತನ್ನ ಗಡಿಯಾರ ಕೊಟ್ಟು ಸ್ವಲ್ಪ ನೋಡಿಕೊಡು ಅಂದನಂತೆ. ಇವನು, ಕೈ ಈಗ ಮೊದಲಿನಂತಿಲ್ಲ ಅಂತ ಎಚ್ಚರಿಸಿ, ಕೈಗೆ ತಗೊಂಡು, ನೆಲಕ್ಕೆ ಬೀಳಿಸಿ, ಕ್ಷಮೆ ಕೇಳಿ ಹೊರಟನಂತೆ. ನಡೆಯಿತೋ ಇಲ್ಲವೋ, ಈ ಕಥೆ ಅಂದಿನಿಂದ ಅವನ ಜೊತೆಗೇ ಬಂದಿದೆ.

ದುಡ್ಡಿನ ದಾರಿ ತೋರಿಸಿದವನು ಪಾರಿ-ದುವೆರ್ನೆ ಎಂಬ ದೊಡ್ಡ ಹಣಕಾಸುದಾರ. ಆತ ಕಟ್ಟಿಸಿದ್ದ ಸೈನಿಕ ಶಾಲೆಗೆ ರಾಜ ಕಾಲಿಟ್ಟಿರಲಿಲ್ಲ. ಬೋಮಾರ್ಶೆ ರಾಜಕುಮಾರಿಯರ ಮೂಲಕ ರಾಜನನ್ನು ಅಲ್ಲಿಗೆ ಕರೆಸಿದ. ಋಣ ತೀರಿಸಲು ದುವೆರ್ನೆ ಇವನಿಗೆ ವ್ಯಾಪಾರ ಕಲಿಸಿದ, ಪಾಲು ಕೊಟ್ಟ. 1761ರಲ್ಲಿ ಬೋಮಾರ್ಶೆ ರಾಜನ ಕಾರ್ಯದರ್ಶಿ ಎಂಬ ಹುದ್ದೆಯನ್ನು ದುಡ್ಡು ಕೊಟ್ಟು ಕೊಂಡ. ಆಗ ಫ್ರಾನ್ಸಿನಲ್ಲಿ ಕುಲೀನ ಪದವಿಯೂ ಮಾರಾಟಕ್ಕಿತ್ತು ಅನ್ನೋದನ್ನು ಇಲ್ಲಿ ಗಮನಿಸಬೇಕು.

ಇವನನ್ನು ಬರೀ ಹೀರೊ ಮಾಡಿ ಕೂರಿಸೋದು ಬೇಡ. 1764ರಲ್ಲಿ ಸೋದರಿಗೆ ಮೋಸ ಮಾಡಿದವನನ್ನು ವಿಚಾರಿಸಲು ಮ್ಯಾಡ್ರಿಡ್ಡಿಗೆ ಹೋದವನು ಅಲ್ಲೇ ವ್ಯಾಪಾರದ ಗುತ್ತಿಗೆಗಳಿಗೆ ಕೈಹಾಕಿದ. ಸ್ಪೇನಿನ ವಸಾಹತುಗಳಿಗೆ ಗುಲಾಮರನ್ನು ಸಾಗಿಸುವ ಗುತ್ತಿಗೆಗೂ ಪ್ರಯತ್ನಪಟ್ಟ. ಅದು ದಕ್ಕಲಿಲ್ಲ ಅನ್ನೋದು ಬೇರೆ ಮಾತು. ತನ್ನ ಮೇಲಿನ ಅನ್ಯಾಯ ಕಾಣುವ ಕಣ್ಣಿಗೆ ತನಗಿಂತ ಕೆಳಗಿನವರ ಮೇಲಿನ ಅನ್ಯಾಯ ಕಾಣದಿರುವುದು ಹೊಸದೇನಲ್ಲ. ಆದರೆ ಆ ಸ್ಪೇನ್ ಪ್ರವಾಸದಿಂದ ಅವನು ತಂದ ಬೆಲೆಬಾಳುವ ಸರಕು ಬೇರೆಯೇ ಇತ್ತು. ಮುಂದೆ ಅವನ ಹೆಸರಾಂತ ಎರಡು ನಾಟಕಗಳು ನಡೆಯುವುದು ಸ್ಪೇನಿನ ಹಿನ್ನೆಲೆಯಲ್ಲೇ.

ಹದಿನೈದು ಲೂಯಿ ನಾಣ್ಯ

1770ರಲ್ಲಿ ದುವೆರ್ನೆ ತೀರಿಕೊಂಡ. ಅದೇ ವರ್ಷ ಬೋಮಾರ್ಶೆಯ ಎರಡನೇ ಹೆಂಡತಿಯೂ ಹೋದಳು. ದುವೆರ್ನೆ ಸಾಯುವ ಮುಂಚೆ ಸಹಿ ಹಾಕಿದ್ದ ಲೆಕ್ಕಪತ್ರದ ಪ್ರಕಾರ ಬೋಮಾರ್ಶೆಗೆ 15,000 ಲಿವ್ರ್ ಬರಬೇಕಿತ್ತು. ವಾರಸುದಾರ ಲಾ ಬ್ಲಾಷ್ ಎಂಬ ಕೌಂಟ್ ಆ ಪತ್ರವೇ ಖೋಟಾ ಅಂದ. ಕೇಸು ಕೋರ್ಟಿಗೆ ಹೋಯಿತು. ಮೊದಲ ಸುತ್ತಿನಲ್ಲಿ ಬೋಮಾರ್ಶೆ ಗೆದ್ದ, ಲಾ ಬ್ಲಾಷ್ ಮೇಲ್ಮನವಿ ಹಾಕಿದ.

ಸರಿಯಾಗಿ ಅದೇ ಹೊತ್ತಿಗೆ, 1773ರಲ್ಲಿ, ಒಬ್ಬ ಡ್ಯೂಕ್ ಜೊತೆ ಹೆಣ್ಣಿನ ವಿಷಯಕ್ಕೆ ಹೊಡೆದಾಟವಾಗಿ ಬೋಮಾರ್ಶೆ ಜೈಲು ಸೇರಿದ್ದ. ತನ್ನ ಕೇಸು ನೋಡುತ್ತಿದ್ದ ಗೊಯೆಜ್ಮಾನ್ ಎಂಬ ನ್ಯಾಯಾಧೀಶನನ್ನು ಕಾಣಬೇಕಿತ್ತು. ಕಾಣಬೇಕಾದರೆ ನ್ಯಾಯಾಧೀಶನ ಹೆಂಡತಿಯ ಕೈ ಬಿಸಿ ಮಾಡಬೇಕಿತ್ತು. ನೂರು ಲೂಯಿ ನಾಣ್ಯ ಕೊಟ್ಟ, ವಜ್ರ ಕೂರಿಸಿದ ಗಡಿಯಾರ ಕೊಟ್ಟ, ಕಾರ್ಯದರ್ಶಿಗೆ ಅಂತ ಇನ್ನೂ 15 ಲೂಯಿ ಕೊಟ್ಟ. ಆದರೂ ಕೇಸು ಸೋತ. ಆ ಹೆಂಗಸು ಮಾತಿನಂತೆ ನೂರು ಲೂಯಿ, ಗಡಿಯಾರ ವಾಪಸ್ ಮಾಡಿದಳು. ಹದಿನೈದನ್ನು ಮಾತ್ರ ಇಟ್ಟುಕೊಂಡಳು.

ಬೋಮಾರ್ಶೆ ಆ ಹದಿನೈದು ಲೂಯಿಯ ಲೆಕ್ಕ ಕೇಳಿದ. ನ್ಯಾಯಾಧೀಶ ಸಿಟ್ಟಾಗಿ ಇವನ ಮೇಲೇ ಲಂಚದ ಆರೋಪ ಹೊರಿಸಿದ. ಯಾವ ವಕೀಲನೂ ಇವನ ಕೇಸು ಹಿಡಿಯುವ ಧೈರ್ಯ ಮಾಡಲಿಲ್ಲ. ಆಗ ಅವನು ಪೆನ್ನು ಹಿಡಿದ. ತನ್ನ ವಾದವನ್ನು ತಾನೇ ಬರೆದು ಅಚ್ಚು ಹಾಕಿಸಿ ಜನರ ಮುಂದಿಟ್ಟ. ನಾಲ್ಕು ಕಿರುಹೊತ್ತಗೆಗಳು. ನ್ಯಾಯಾಧೀಶ, ಅವನ ಹೆಂಡತಿ, ನಡುವಿನ ದಲ್ಲಾಳಿಗಳು ಎಲ್ಲರೂ ನಾಟಕದ ಪಾತ್ರಗಳಂತೆ ಅದರಲ್ಲಿ ಓಡಾಡುತ್ತಿದ್ದರು. ಸಾವಿರಗಟ್ಟಲೆ ಪ್ರತಿ ಖರ್ಚಾದವು. ಪ್ಯಾರಿಸ್ಸಿನ ಕಾಫಿ ಅಂಗಡಿಗಳಲ್ಲಿ ಜನ ಅದನ್ನು ಗಟ್ಟಿಯಾಗಿ ಓದಿ ನಕ್ಕರು. ಯೂರೋಪಿನ ಬೇರೆ ಊರುಗಳಲ್ಲೂ ಓದಿದರು.

1774ರ ಫೆಬ್ರವರಿ 26ರಂದು ತೀರ್ಪು ಬಂತು. ಆ ಹೆಂಗಸಿಗೂ ಬೋಮಾರ್ಶೆಗೂ ಒಂದೇ ಶಿಕ್ಷೆ, ನಾಗರಿಕ ಹಕ್ಕುಗಳು ರದ್ದು. ಹೊತ್ತಗೆಗಳನ್ನು ಸುಡಬೇಕು ಅಂತ ಆದೇಶ. ಕಾನೂನಿನ ಲೆಕ್ಕದಲ್ಲಿ ಅವನು ಮನುಷ್ಯನೇ ಅಲ್ಲದಂತಾದ. ಬೀದಿಯ ಲೆಕ್ಕದಲ್ಲಿ ಊರಿಗೇ ಬೇಕಾದವನಾದ. ಹಕ್ಕುಗಳು ಮರಳಿ ಸಿಕ್ಕಿದ್ದು 1776ರಲ್ಲಿ, ಲಾ ಬ್ಲಾಷ್ ವಿರುದ್ಧದ ಕೇಸು ಕೊನೆಗೂ ಗೆದ್ದದ್ದು 1778ರಲ್ಲಿ.

ಕೌಂಟ್ ಅಲ್ಮಾವೀವಾ ಬಂದ

ಈ ಗಲಾಟೆಗಳ ನಡುವೆಯೇ 1775ರ ಫೆಬ್ರವರಿ 23ರಂದು ಕೊಮೆದಿ ಫ್ರಾಂಸೇಸ್ ರಂಗಮಂದಿರದಲ್ಲಿ 'ಸೆವಿಲ್ಲಾದ ಕ್ಷೌರಿಕ' ನಾಟಕ ಮೊದಲ ಬಾರಿಗೆ ಆಡಿದರು. ಅಲ್ಮಾವೀವಾ ಅನ್ನೋ ಹೆಸರು ಜಗತ್ತಿಗೆ ಕೇಳಿಸಿದ್ದು ಅವತ್ತೇ. ಮೊದಲ ದಿನ ನಾಟಕ ನೆಲಕಚ್ಚಿತು. ಐದು ಅಂಕ, ಉದ್ದ ಆಯಿತು, ಜನ ಆಕಳಿಸಿದರು. ಬೋಮಾರ್ಶೆ ಎರಡೇ ದಿನದಲ್ಲಿ ಒಂದಂಕ ಕತ್ತರಿಸಿ ಎಸೆದ. 26ರಂದು ಮತ್ತೆ ಆಡಿದಾಗ ಅದೇ ನಾಟಕಕ್ಕೆ ಚಪ್ಪಾಳೆ. ಗಡಿಯಾರದಲ್ಲಿ ಒಂದು ಚಕ್ರ ಜಾಸ್ತಿಯಿದ್ದರೂ ಅದು ನಡೆಯಲ್ಲ ಅನ್ನೋದು ಅವನಿಗೆ ಹೊಸ ಪಾಠವೇನಲ್ಲ.

ಕಥೆ ಸರಳ. ಮುದುಕ ಡಾಕ್ಟರೊಬ್ಬ ತಾನು ಸಾಕುತ್ತಿರುವ ರೊಸೀನ್ ಎಂಬ ಹುಡುಗಿಯನ್ನು ಮನೆಯಲ್ಲಿ ಕೂಡಿಹಾಕಿ ತಾನೇ ಮದುವೆಯಾಗಲು ಹೊಂಚು ಹಾಕಿದ್ದಾನೆ. ಕೌಂಟ್ ಅಲ್ಮಾವೀವಾಗೆ ಅವಳ ಮೇಲೆ ಪ್ರೀತಿ. ತನ್ನ ಪದವಿ ನೋಡಿ ಅವಳು ಒಪ್ಪಬಾರದು, ತನ್ನನ್ನೇ ನೋಡಿ ಒಪ್ಪಬೇಕು ಅಂತ ಬಡ ವಿದ್ಯಾರ್ಥಿಯ ಹೆಸರಿಟ್ಟುಕೊಳ್ಳುತ್ತಾನೆ. ಆಮೇಲೆ ಕುಡಿದ ಸಿಪಾಯಿಯ ವೇಷ, ಅದೂ ಸಾಲದೆ ಸಂಗೀತದ ಮೇಷ್ಟ್ರ ವೇಷ. ಇಷ್ಟಕ್ಕೂ ಉಪಾಯ ಹೇಳಿಕೊಡುವವನು ಕ್ಷೌರಿಕ ಫಿಗಾರೊ. ದೊರೆಯ ಪ್ರೀತಿ ಗೆಲ್ಲುವುದು ಕ್ಷೌರಿಕನ ತಲೆಯಿಂದ.

ಬಂದೂಕು ಮತ್ತು ಲೆಕ್ಕದ ಪುಸ್ತಕ

ಮುಂದಿನ ಭಾಗ ಪತ್ತೇದಾರಿ ಕಾದಂಬರಿಯಂತಿದೆ. ರಾಜನ ಗುಪ್ತ ಕೆಲಸಗಳ ಮೇಲೆ ಲಂಡನ್ನಿಗೆ ಓಡಾಡುತ್ತಿದ್ದ ಬೋಮಾರ್ಶೆಗೆ ಅಮೆರಿಕದ ವಸಾಹತುಗಳು ಬ್ರಿಟನ್ ವಿರುದ್ಧ ಏಳುತ್ತಿರುವ ಸುಳಿವು ಚೆನ್ನಾಗಿ ಸಿಕ್ಕಿತ್ತು. ಅವರಿಗೆ ಸಹಾಯ ಮಾಡಿ ಅಂತ ಫ್ರಾನ್ಸಿನ ಸರ್ಕಾರಕ್ಕೆ ಪತ್ರದ ಮೇಲೆ ಪತ್ರ ಬರೆದ. 1776ರಲ್ಲಿ ರೊಡ್ರಿಗ್ ಹೊರ್ತಾಲೆಸ್ ಅಂಡ್ ಕಂಪನಿ ಅಂತ ಒಂದು ಸಂಸ್ಥೆ ಹುಟ್ಟಿತು. ಹೆಸರಿಗೆ ಸ್ಪೇನಿನ ವ್ಯಾಪಾರಿಗಳ ಮನೆ, ಒಳಗೆ ಬೋಮಾರ್ಶೆ. ಫ್ರಾನ್ಸ್ ಹತ್ತು ಲಕ್ಷ ಲಿವ್ರ್ ಕೊಟ್ಟಿತು, ಸ್ಪೇನ್ ಅಷ್ಟೇ ಕೊಟ್ಟಿತು. ಫಿರಂಗಿ, ಬಂದೂಕು, ಮದ್ದು, ಬಟ್ಟೆ, ಡೇರೆ ತುಂಬಿದ ಹಡಗುಗಳು 1777ರಲ್ಲಿ ಅಮೆರಿಕ ಮುಟ್ಟಿದವು. ಆ ವರ್ಷದ ಅಕ್ಟೋಬರಿನಲ್ಲಿ ಸರಟೋಗಾದಲ್ಲಿ ಬ್ರಿಟಿಷ್ ಸೇನೆ ಶರಣಾದಾಗ ಎದುರು ನಿಂತವರ ಕೈಯಲ್ಲಿ ಈ ಸರಕೂ ಇತ್ತು.

ದುಡ್ಡು ಮಾತ್ರ ಬರಲಿಲ್ಲ. ಅದು ಫ್ರಾನ್ಸ್ ಕೊಟ್ಟ ಉಡುಗೊರೆ ಅಂತ ಅಮೆರಿಕದವರಲ್ಲಿ ಕೆಲವರು, ಇಲ್ಲ ಸಾಲ ಅಂತ ಇವನು. ಬದುಕಿರುವವರೆಗೂ ಬಾಕಿ ಕೇಳಿದ. ಕೊನೆಗೆ 1835ರಲ್ಲಿ, ಅವನು ಸತ್ತು 36 ವರ್ಷವಾದ ಮೇಲೆ, ಅವನ ವಾರಸುದಾರರಿಗೆ 8 ಲಕ್ಷ ಫ್ರಾಂಕ್ ಕೊಟ್ಟು ಕೈತೊಳೆದುಕೊಂಡರು.

ಅದೇ 1777ರಲ್ಲಿ ಇನ್ನೊಂದು ಲೆಕ್ಕದ ಜಗಳ. ನಾಟಕ ಓಡಿದಷ್ಟು ದಿನ ಬರೆದವನಿಗೆ ಒಂದು ಪಾಲು ಅಂತ ನಿಯಮವಿತ್ತು. ಗಳಿಕೆ ಒಂದು ಮಟ್ಟಕ್ಕಿಂತ ಇಳಿದರೆ ನಾಟಕ ಶಾಶ್ವತವಾಗಿ ನಟರ ಮಂಡಳಿಯ ಸ್ವತ್ತು. ಮಂಡಳಿ ಮಾಡುತ್ತಿದ್ದುದು ಏನಂದ್ರೆ, ವರ್ಷಕ್ಕೆ ಬಾಡಿಗೆಗೆ ಕೊಟ್ಟ ಬಾಕ್ಸ್ ಸೀಟುಗಳ ಹಣವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಬೋಮಾರ್ಶೆ ಸಹಿ ಹಾಕಿದ ಲೆಕ್ಕಪತ್ರ ಕೇಳಿದ. ಸಿಗಲಿಲ್ಲ. ಜುಲೈ 3ರಂದು ಇಪ್ಪತ್ತಕ್ಕೂ ಹೆಚ್ಚು ನಾಟಕಕಾರರನ್ನು ಮನೆಗೆ ಊಟಕ್ಕೆ ಕರೆದ. ಊಟ ಮುಗಿಯುವ ಹೊತ್ತಿಗೆ ಲೇಖಕರ ಸಂಘವೊಂದು ಹುಟ್ಟಿತ್ತು. ಆ ಹೋರಾಟ ಮುಂದುವರಿದು 1791ರಲ್ಲಿ, ಬರೆದವನ ಒಪ್ಪಿಗೆಯಿಲ್ಲದೆ ಅವನ ನಾಟಕ ಆಡುವಂತಿಲ್ಲ ಎಂಬ ಕಾನೂನು ಫ್ರಾನ್ಸಿನಲ್ಲಿ ಬಂತು. ಇವತ್ತು ರಾಯಲ್ಟಿ ಅಂತ ನಾವು ಹೇಳುವ ಮಾತಿನ ಹಿಂದೆ ಆ ಊಟದ ಮೇಜೂ ಇದೆ.

ರಾಜನೇ ತಡೆದ ನಾಟಕ

1778ರ ಹೊತ್ತಿಗೆ 'ಫಿಗಾರೊನ ಮದುವೆ' ಬರೆದು ಮುಗಿದಿತ್ತು. ಹಿಂದಿನ ನಾಟಕದ ಪ್ರೇಮಿ ಅಲ್ಮಾವೀವಾ ಇಲ್ಲಿ ಗಂಡನಾಗಿದ್ದಾನೆ, ರೊಸೀನ್ ಮೇಲಿನ ಪ್ರೀತಿ ಹಳಸಿದೆ. ಈಗ ಅವನ ಕಣ್ಣು ಹೆಂಡತಿಯ ಸಖಿ ಸುಜಾನ್ ಮೇಲೆ. ಸುಜಾನ್ ಮದುವೆಯಾಗಲಿರುವುದು ಫಿಗಾರೊನನ್ನು, ಅಂದರೆ ಕೌಂಟನ ಪ್ರೀತಿಗೆ ದುಡಿದವನನ್ನೇ. ಆಳಿನ ಮದುಮಗಳ ಮೇಲೆ ಒಡೆಯನಿಗೆ ಮೊದಲ ಹಕ್ಕು ಎಂಬ ಹಳೆಯ ಹೊಲಸು ಪದ್ಧತಿಯನ್ನು ಕೌಂಟ್ ತಾನೇ ರದ್ದು ಮಾಡಿ ಹೆಸರು ತಗೊಂಡಿದ್ದ. ಈಗ ಅದನ್ನೇ ಹಿಂಬಾಗಿಲಿಂದ ತರಲು ನೋಡುತ್ತಾನೆ.

ಹೆಂಡತಿ, ಸಖಿ, ಆಳು ಮೂವರೂ ಸೇರಿ ಅವನನ್ನು ಬಲೆಗೆ ಕೆಡವುತ್ತಾರೆ. ಕತ್ತಲ ತೋಟದಲ್ಲಿ ಸುಜಾನ್ ಅಂತ ತಿಳಿದು ತನ್ನ ಹೆಂಡತಿಯನ್ನೇ ಓಲೈಸಿದ ಕೌಂಟ್ ಕೊನೆಗೆ ಎಲ್ಲರೆದುರು ಅವಳ ಮುಂದೆ ಮಂಡಿಯೂರಿ ಕ್ಷಮೆ ಕೇಳಬೇಕಾಗುತ್ತೆ. ಐದನೇ ಅಂಕದಲ್ಲಿ ಫಿಗಾರೊ ಒಬ್ಬನೇ ನಿಂತು ಆಡುವ ಉದ್ದನೆಯ ಮಾತು ಬರುತ್ತೆ. ಹುಟ್ಟಿದ್ದು ಬಿಟ್ಟು ಈ ದೊರೆ ಮಾಡಿದ್ದಾದರೂ ಏನು, ಬದುಕಲು ತಾನು ಪಟ್ಟ ಪಾಡೆಷ್ಟು ಅನ್ನೋದು ಅದರ ತಿರುಳು. ನಮ್ಮ ಯಕ್ಷಗಾನದಲ್ಲಿ ಹಾಸ್ಯಗಾರ ರಾಜನ ಪಕ್ಕದಲ್ಲೇ ನಿಂತು ಅವನ ಕಾಲೆಳೆಯುವುದನ್ನು ನೋಡಿದವರಿಗೆ ಫಿಗಾರೊ ಅಪರಿಚಿತನಲ್ಲ. ವ್ಯತ್ಯಾಸ ಏನಂದ್ರೆ, ಫಿಗಾರೊ ನಗಿಸಿ ಸುಮ್ಮನಾಗುವುದಿಲ್ಲ, ಲೆಕ್ಕ ಕೇಳುತ್ತಾನೆ.

ಹದಿನಾರನೇ ಲೂಯಿ ಇದನ್ನು ಓದಿಸಿಕೊಂಡು ಕೇಳಿ, ಆಡಲು ಬಿಡುವುದಿಲ್ಲ ಅಂತ ಹಟ ಹಿಡಿದ. ಬೋಮಾರ್ಶೆ ಉಪಾಯಗಾರ. ದೊಡ್ಡವರ ಮನೆಗಳಲ್ಲಿ ತಾನೇ ಓದತೊಡಗಿದ. ಯಾವ ಕುಲೀನರನ್ನು ನಾಟಕ ಗೇಲಿ ಮಾಡುತ್ತಿತ್ತೋ ಅವರೇ ಅದನ್ನು ನೋಡಲು ದುಂಬಾಲು ಬಿದ್ದರು. 1783ರ ಜೂನಿನಲ್ಲಿ ಪ್ರೇಕ್ಷಕರು ಬಂದು ಸೇರುತ್ತಿರುವಾಗಲೇ ರಾಜಾಜ್ಞೆ ಬಂದು ಪ್ರದರ್ಶನ ನಿಂತಿತು. ಸೆಪ್ಟೆಂಬರಿನಲ್ಲಿ ಒಬ್ಬ ಕೌಂಟನ ಮನೆಯಲ್ಲೇ ಖಾಸಗಿಯಾಗಿ ಆಡಿದರು. ಕೊನೆಗೂ 1784ರ ಏಪ್ರಿಲ್ 27ರಂದು ಸಾರ್ವಜನಿಕ ಪ್ರದರ್ಶನ. ನೂಕುನುಗ್ಗಲು, ಬಾಗಿಲು ಮುರಿದು ಜನ ಒಳನುಗ್ಗಿದರು. 60ಕ್ಕೂ ಹೆಚ್ಚು ಪ್ರದರ್ಶನ ಸತತವಾಗಿ ನಡೆದವು.

ಮರುವರ್ಷ ಮಾರ್ಚಿನಲ್ಲಿ ರಾಜ ಸಿಟ್ಟಿನಲ್ಲಿ ಬೋಮಾರ್ಶೆಯನ್ನು ಕೆಲವು ದಿನ ಜೈಲಿಗೆ ಹಾಕಿದ, ಅದೂ ಪುಂಡ ಹುಡುಗರನ್ನು ಹಾಕುವ ಜೈಲಿಗೆ. ಅದೇ ವರ್ಷ ಆಗಸ್ಟಿನಲ್ಲಿ ರಾಣಿ ಮೇರಿ ಆಂಟೊನೆಟ್ ತನ್ನ ಖಾಸಗಿ ರಂಗದಲ್ಲಿ ಇವನ ಮೊದಲ ನಾಟಕ ಆಡಿಸಿ ತಾನೇ ರೊಸೀನ್ ಪಾತ್ರ ಮಾಡಿದಳು. 1786ರ ಮೇ 1ರಂದು ವಿಯೆನ್ನಾದಲ್ಲಿ ಮೊಜಾರ್ಟ್ ಇದನ್ನು ಒಪೆರಾ ಮಾಡಿದ. ಅಲ್ಲಿಂದ ಅಲ್ಮಾವೀವಾ ಹೆಸರು ಹಾಡಾಗಿ ಜಗತ್ತು ಸುತ್ತಿತು.

ಕೊನೆಯ ವರ್ಷಗಳು

ಕ್ರಾಂತಿ ಬಂದಾಗ ಬೋಮಾರ್ಶೆ ಬ್ಯಾಸ್ಟೀಲ್ ಕೋಟೆಯ ಹತ್ತಿರವೇ ದೊಡ್ಡ ಬಂಗಲೆ ಕಟ್ಟಿಸಿಕೊಂಡಿದ್ದ. ವೋಲ್ಟೇರನ ಸಮಗ್ರ ಕೃತಿಗಳನ್ನು ಗಡಿಯಾಚೆಯ ಕೇಲ್ ಎಂಬಲ್ಲಿ ಅಚ್ಚು ಹಾಕಿಸಿ ಕೈಸುಟ್ಟುಕೊಂಡಿದ್ದರೂ ಶ್ರೀಮಂತನೇ. ಕ್ರಾಂತಿಯವರಿಗೆ ಇವನ ಮೇಲೆ ಅನುಮಾನ. ಹಾಲೆಂಡಿನಿಂದ 60,000 ಬಂದೂಕು ತರಿಸಿಕೊಡುತ್ತೇನೆ ಅಂತ ಒಪ್ಪಿಕೊಂಡು ಸಿಕ್ಕಿಹಾಕಿಕೊಂಡ. ಬಂದೂಕು ಬರಲಿಲ್ಲ, ದ್ರೋಹಿ ಎಂಬ ಮಾತು ಬಂತು. 1792ರ ಆಗಸ್ಟಿನಲ್ಲಿ ಅಬ್ಬೇ ಜೈಲಿಗೆ ಹಾಕಿದರು. ತಿಂಗಳ ಕೊನೆಗೆ ಬಿಡುಗಡೆಯಾಯಿತು. ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 2ರಂದು, ಆ ಜೈಲಿನಲ್ಲಿದ್ದ ಕೈದಿಗಳ ಹತ್ಯಾಕಾಂಡ ಶುರುವಾಯಿತು.

ಅದೇ ವರ್ಷ ಮೂರನೇ ನಾಟಕ ರಂಗಕ್ಕೆ ಬಂದಿತ್ತು. ಅದರಲ್ಲಿ ಅಲ್ಮಾವೀವಾ ಮುದುಕ. ತಾನೂ ತಪ್ಪು ಮಾಡಿದವನು, ಹೆಂಡತಿಯ ಹಳೆಯ ತಪ್ಪನ್ನು ಕ್ಷಮಿಸಲು ಕಲಿಯಬೇಕಾದವನು. ಬೋಮಾರ್ಶೆ ಬಂದೂಕಿನ ಹಿಂದೆ ಅಲೆಯುತ್ತಾ ದೇಶ ಬಿಟ್ಟ. ದೇಶಭ್ರಷ್ಟರ ಪಟ್ಟಿಗೆ ಹೆಸರು ಸೇರಿತು. ಹ್ಯಾಂಬರ್ಗಿನಲ್ಲಿ ಬಡತನದಲ್ಲಿ ದಿನ ತಳ್ಳಿ 1796ರಲ್ಲಿ ವಾಪಸಾದ. 1799ರ ಮೇ 18ರಂದು ನಿದ್ದೆಯಲ್ಲೇ ಹೋದ. ವಯಸ್ಸು 67. ತನ್ನದೇ ತೋಟದಲ್ಲಿ ಮಣ್ಣು ಮಾಡಿದರು.

ಚಿಲಿಗೆ ಹೆಸರು ಹೋದದ್ದು

ಈಗ ಎರಡು ಶತಮಾನ ಮುಂದೆ ಬನ್ನಿ. ಫ್ರಾನ್ಸಿನ ಬೊರ್ಡೊ ಪ್ರದೇಶದ ಶಾತೊ ಮುತೋಂ ರಾಥ್‌ಚೈಲ್ಡ್‌ನ ಒಡತಿ ಬ್ಯಾರನೆಸ್ ಫಿಲಿಪೀನ್ ದ ರಾಥ್‌ಚೈಲ್ಡ್, ಚಿಲಿಯ ಕೊಂಚಾ ಇ ತೊರೊ ಕಂಪನಿಯ ಜೊತೆ 1997ರಲ್ಲಿ ಒಪ್ಪಂದ ಮಾಡಿಕೊಂಡರು. ಇಬ್ಬರೂ ಸೇರಿ ಚಿಲಿಯ ಮಣ್ಣಲ್ಲಿ ಬೊರ್ಡೊ ಮಾದರಿಯ ಒಂದೇ ಒಂದು ಶ್ರೇಷ್ಠ ಕೆಂಪು ವೈನ್ ಮಾಡುವುದು ಉದ್ದೇಶ. 1996ರ ಬೆಳೆಯೇ ಮೊದಲ ವೈನ್. ಅಲ್ಮಾವೀವಾ ಅನ್ನೋ ಹೆಸರಿಗೂ ಫಿಲಿಪೀನ್ ಅವರಿಗೂ ಸರಿಯಾಗೇ ಹೊಂದುತ್ತೆ. ವೈನ್ ಮನೆತನದ ಜವಾಬ್ದಾರಿ ಹೊರುವ ಮುಂಚೆ ಅವರು ನಟಿ. ಫಿಲಿಪೀನ್ ಪಾಸ್ಕಲ್ ಎಂಬ ಹೆಸರಿನಲ್ಲಿ ಅಭಿನಯಿಸಿದ್ದು ಅದೇ ಕೊಮೆದಿ ಫ್ರಾಂಸೇಸ್‌ನಲ್ಲಿ, ಅಂದರೆ ಬೋಮಾರ್ಶೆ ಲೆಕ್ಕಕ್ಕಾಗಿ ಜಗಳವಾಡಿದ ಮಂಡಳಿಯಲ್ಲಿ.

ತೋಟ ಇರುವುದು ಸಾಂಟಿಯಾಗೊ ನಗರದ ಪಕ್ಕದ ಪುಯೆಂತೆ ಆಲ್ತೊದಲ್ಲಿ, ಮೈಪೊ ನದಿಯ ಬಯಲಲ್ಲಿ. ಕಲ್ಲುಕಲ್ಲಾದ ನೆಲ, ನೀರು ನಿಲ್ಲೋದಿಲ್ಲ. ಹಗಲು ಚುರುಚುರು ಬಿಸಿಲು, ರಾತ್ರಿ ಆಂಡಿಸ್ ಪರ್ವತದಿಂದ ಇಳಿಯುವ ತಣ್ಣನೆ ಗಾಳಿ. ಬಿಸಿಲಿಗೆ ಹಣ್ಣು ಪೂರ್ತಿ ಮಾಗುತ್ತೆ, ತಂಪಿಗೆ ಅದರ ಹುಳಿ ಉಳಿಯುತ್ತೆ. ಒಳ್ಳೆ ಕೆಂಪು ವೈನ್‌ಗೆ ಬೇಕಿರೋದು ಇದೇ.

ಇದು ಒಂದೇ ತಳಿಯ ವೈನ್ ಅಲ್ಲ, ಬೆರಕೆ. ಕ್ಯಾಬರ್ನೆ ಸೊವಿನ್ಯಾನ್ ಮುಖ್ಯ. ಅದರ ಜೊತೆ ಕಾರ್ಮೆನೇರ್, ಕ್ಯಾಬರ್ನೆ ಫ್ರಾಂಕ್, ಕೆಲವು ವರ್ಷ ಪೆತಿ ವೆರ್ದೊ, ಮೆರ್ಲೊ. ಕಾರ್ಮೆನೇರ್ ಕಥೆ ಕೇಳಿದರೆ ವೇಷ ಹಾಕಿದ ಕೌಂಟ್ ನೆನಪಾಗುತ್ತಾನೆ. ಇದು ಮೂಲತಃ ಬೊರ್ಡೊ ತಳಿ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲೊಕ್ಸೆರಾ ಎಂಬ ಬೇರುಹುಳು ಯೂರೋಪಿನ ತೋಟಗಳನ್ನು ತಿಂದುಹಾಕಿದಾಗ ಅಲ್ಲಿ ಹೆಚ್ಚೂಕಡಿಮೆ ಅಳಿದೇಹೋಯಿತು. ಆ ಹುಳು ಮುಟ್ಟದ ಚಿಲಿಯಲ್ಲಿ ಮಾತ್ರ, ಮೆರ್ಲೊ ಬಳ್ಳಿಗಳ ನಡುವೆ ಮೆರ್ಲೊ ಎಂಬ ಹೆಸರಲ್ಲೇ, ನೂರು ವರ್ಷಕ್ಕೂ ಹೆಚ್ಚು ಕಾಲ ಬದುಕಿತ್ತು. 1994ರಲ್ಲಿ ಫ್ರಾನ್ಸಿನ ಬಳ್ಳಿತಜ್ಞ ಜಾಂ-ಮಿಷೆಲ್ ಬೂರ್ಸಿಕೊ ಅದರ ನಿಜ ಹೆಸರು ಹಿಡಿದುಕೊಟ್ಟರು.

ಲೋಟದಲ್ಲಿ ಏನಿದೆ

ಇಂಥ ವೈನ್ ನಮ್ಮ ಮುಂದೆ ಬಂದರೆ ಹೇಗೆ ಸವಿಯೋದು? ಮೊದಲನೆಯದಾಗಿ, ಆತುರ ಬೇಡ. 16ರಿಂದ 18 ಡಿಗ್ರಿಯಷ್ಟು ತಂಪಿರಲಿ, ನಮ್ಮ ಊರಿನ ಬಿಸಿಗೆ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕಾಗುತ್ತೆ. ಎಳೆಯ ವೈನ್ ಆದರೆ ಅಗಲ ಬಾಯಿಯ ಗಾಜಿನ ಹೂಜಿಗೆ ಸುರಿದು ಒಂದೆರಡು ಗಂಟೆ ಗಾಳಿಗೆ ಬಿಡಬೇಕು. ಲೋಟವನ್ನು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬಾರದು.

ಬಣ್ಣ ನೋಡಿ. ಎಳೆಯದಾದರೆ ಕಡುನೇರಳೆ, ವಯಸ್ಸಾದಂತೆ ಅಂಚಿನಲ್ಲಿ ಇಟ್ಟಿಗೆ ಬಣ್ಣ. ಲೋಟ ಮೆಲ್ಲಗೆ ತಿರುಗಿಸಿ ಮೂಗಿಗೆ ಹಿಡಿದರೆ ಮೊದಲು ಕಪ್ಪು ಹಣ್ಣುಗಳ ವಾಸನೆ. ಅಲ್ಲಿಯವರು ಬ್ಲ್ಯಾಕ್‌ಕರಂಟ್ ಅಂತಾರೆ, ನಮಗೆ ಹತ್ತಿರದ ಹೋಲಿಕೆ ಕಳಿತ ನೇರಳೆ. ಅದರ ಹಿಂದೆ ಪೆನ್ಸಿಲ್ ಕೆತ್ತಿದಾಗ ಬರುವ ಮರದ ವಾಸನೆ, ಒಂಚೂರು ಹೊಗೆಸೊಪ್ಪು. ಇವೆಲ್ಲ ಕ್ಯಾಬರ್ನೆ ಮತ್ತು ಫ್ರೆಂಚ್ ಓಕ್ ಪೀಪಾಯಿಯ ಕೊಡುಗೆ. ಕಾರ್ಮೆನೇರ್ ಇದೆ ಅನ್ನೋದು ಗೊತ್ತಾಗೋದು ಕರಿಮೆಣಸು, ದೊಣ್ಣೆಮೆಣಸಿನಕಾಯಿಯ ಸಣ್ಣ ಸುಳಿವಿನಿಂದ. ಹಣ್ಣು ಸರಿಯಾಗಿ ಮಾಗಿದ್ದರೆ ಅದು ಹಿತವಾದ ಖಾರ, ಮಾಗದಿದ್ದರೆ ಹಸಿ ಸೊಪ್ಪು.

ಬಾಯಿಗೆ ಹಾಕಿಕೊಂಡು ತಕ್ಷಣ ನುಂಗಬೇಡಿ. ಒಗರು ಎಲ್ಲಿ ಹಿಡಿಯುತ್ತೆ ನೋಡಿ. ಸಿಪ್ಪೆ, ಬೀಜ, ಪೀಪಾಯಿಯಿಂದ ಬರುವ ಈ ಒಗರು ಕೆಟ್ಟ ವೈನ್‌ನಲ್ಲಿ ಹಸಿ ಅಡಿಕೆ ಅಗಿದಂತೆ ಬಾಯಿ ಒಣಗಿಸುತ್ತೆ. ಒಳ್ಳೆಯದರಲ್ಲಿ ಮೆತ್ತಗೆ ಹಿಡಿದು ಮೆತ್ತಗೆ ಬಿಡುತ್ತೆ. ಆಮೇಲೆ ಹುಳಿ, ಅದು ಬಾಯಲ್ಲಿ ನೀರೂರಿಸಬೇಕು. ಕೊನೆಗೆ, ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಕಾಯಿರಿ. ಬೆರಕೆಯ ಜಾಣ್ಮೆ ಇರೋದು ಯಾವ ತಳಿಯೂ ಇನ್ನೊಂದನ್ನು ತುಳಿಯದಿರುವುದರಲ್ಲಿ. ಉದ್ದವಾದ ನಾಟಕದಿಂದ ಒಂದಂಕ ತೆಗೆದವನಿಗೆ ಇದು ಚೆನ್ನಾಗಿ ಅರ್ಥವಾಗುತ್ತಿತ್ತು.

ವಯಸ್ಸಿನ ಲೆಕ್ಕವೂ ಮೂರು ನಾಟಕದ ಹಾಗೆಯೇ. ಮೂರ್ನಾಲ್ಕು ವರ್ಷದ ಬಾಟಲಿ ಪ್ರೇಮದ ಹುರುಪಿನ ಅಲ್ಮಾವೀವಾ, ಹಣ್ಣಿನ ಅಬ್ಬರ. ಹತ್ತು ವರ್ಷದ್ದು ಗತ್ತಿನ ಒಡೆಯ, ಒಗರೂ ಹಣ್ಣೂ ಸಮ. ಇಪ್ಪತ್ತು ವರ್ಷದ್ದು ಮೂರನೇ ನಾಟಕದ ಮುದುಕ. ಹಣ್ಣು ಹಿಂದೆ ಸರಿದು ಚರ್ಮ, ಒಣ ಎಲೆ, ತೇವದ ಮಣ್ಣು ಮುಂದೆ ಬರುತ್ತವೆ. ಕೆಲವರಿಗೆ ಅದೇ ಇಷ್ಟ. ಕುಡಿಯೋದು ಬಿಡೋದು ಅವರವರಿಗೆ ಬಿಟ್ಟದ್ದು, ಹೆಚ್ಚು ಕುಡಿದವರಿಗೆ ಇದ್ಯಾವುದೂ ಗೊತ್ತಾಗಲ್ಲ ಅನ್ನೋದಂತೂ ಖಾತ್ರಿ.

ಹೆಸರಿಲ್ಲದವರು

ಲೇಬಲ್ ಮೇಲೆ ಇನ್ನೊಂದು ಗುರುತಿದೆ. ವೃತ್ತದೊಳಗಿನ ಆ ವಿನ್ಯಾಸ ಚಿಲಿಯ ಮೂಲನಿವಾಸಿ ಮಾಪುಚೆ ಜನರ ಕುಲ್ಟ್ರುನ್ ಎಂಬ ಪೂಜೆಯ ಚರ್ಮವಾದ್ಯದ್ದು. ಅವರ ಕಣ್ಣಲ್ಲಿ ಭೂಮಿ, ಆಕಾಶ, ನಾಲ್ಕು ದಿಕ್ಕು ಎಲ್ಲ ಅದರಲ್ಲಿದೆ. ಎರಡು ಲೋಕಗಳು ಕೂಡಿದವು ಅಂತ ಹೇಳಲು ಅದನ್ನು ಅಲ್ಲಿಟ್ಟಿದ್ದಾರೆ. ಆದರೆ ಇತಿಹಾಸ ಅಷ್ಟು ನಯವಾಗಿಲ್ಲ. ಕೊಂಚಾ ಇ ತೊರೊ ಕಂಪನಿ ಹುಟ್ಟಿದ್ದು 1883ರಲ್ಲಿ. ದಕ್ಷಿಣದ ಮಾಪುಚೆ ನೆಲವನ್ನು ಚಿಲಿಯ ಸೈನ್ಯ ಪೂರ್ತಿ ವಶ ಮಾಡಿಕೊಂಡದ್ದೂ ಅದೇ ವರ್ಷ. ಒಂದಕ್ಕೊಂದು ಕಾರಣ ಅಂತ ಹೇಳುತ್ತಿಲ್ಲ. ನೆಲ ಕಳೆದುಕೊಂಡವರ ವಾದ್ಯ, ಅಪಹಾಸ್ಯಕ್ಕೆ ಗುರಿಯಾದ ಕೌಂಟನ ಹೆಸರು, ಹಕ್ಕಿಗಾಗಿ ಬಡಿದಾಡಿದವನ ಕೈಬರಹ, ಮೂರೂ ಒಂದೇ ಕಾಗದದ ಮೇಲೆ ಬಂದು ಕೂತಿವೆ, ಅಷ್ಟೇ.

ವೈನ್‌ಗೆ ಫಿಗಾರೊ ಅಂತ ಯಾಕೆ ಹೆಸರಿಡಲಿಲ್ಲ ಅಂತ ಕೇಳಬಹುದು. ಉತ್ತರ ಗೊತ್ತಿರೋದೇ. ಕೌಂಟನ ಹೆಸರಿಗೆ ಬೆಲೆ ಸಿಗುತ್ತೆ, ಕ್ಷೌರಿಕನ ಹೆಸರಿಗೆ ಸಿಗಲ್ಲ. ಆದರೆ ಬಾಟಲಿಯೊಳಗಿನದ್ದು ಕೌಂಟ್ ಮಾಡಿದ್ದಲ್ಲ. ಗೊಂಚಲು ಕೈಯಲ್ಲೇ ಕೊಯ್ದವರು, ಕೆಟ್ಟ ಹಣ್ಣು ಆರಿಸಿ ತೆಗೆದವರು, ಪೀಪಾಯಿ ತೊಳೆದವರು, ಪ್ರತಿ ತೊಟ್ಟಿಯ ರುಚಿ ನೋಡಿ ಎಷ್ಟಕ್ಕೆ ಎಷ್ಟು ಅಂತ ಬೆರೆಸಿದವರು ಮಾಡಿದ್ದು. ಅವರ ಹೆಸರು ಯಾವ ಲೇಬಲ್ಲಿನಲ್ಲೂ ಇಲ್ಲ.

21ನೇ ವಯಸ್ಸಿನಲ್ಲಿ ತನ್ನ ಗಡಿಯಾರದ ಚಿಕ್ಕ ಭಾಗವನ್ನು ಕೈಯಲ್ಲಿ ಹಿಡಿದು ಅಕಾಡೆಮಿಯ ಮುಂದೆ ನಿಂತ ಹುಡುಗ ಕೇಳಿದ್ದು ಇಷ್ಟೇ, ಮಾಡಿದವನ ಹೆಸರು ಹೇಳಿ ಅಂತ. ಲೋಟ ಕೈಗೆ ಬಂದಾಗ ಆ ಮಾತು ನೆನಪಿದ್ದರೆ ಸಾಕು. ಒಗರು ಸ್ವಲ್ಪ ಜಾಸ್ತಿ ಅನಿಸಬಹುದು, ಆದರೆ ರುಚಿ ಪೂರ್ತಿ ಸಿಗುತ್ತೆ.